ಹನ್ನೆರಡನೆಯ ಕಂತಿನ ಹಂತಕ

ಉಕ್ಕಿನ ಕಾರ್ಖಾನೆಯ ಹಳೆಯ ವಸತಿ,
ಲಿಯಾವೊನಿಂಗ್
೨೬ ನವೆಂಬರ್ ೨೦೨೩

ಪ್ರೀತಿಯ ತಮ್ಮ ಝೆಪಿಂಗ್‌ಗೆ,

ಶೂಚಿನ್ ಅಕ್ಕನ ಆಶೀರ್ವಾದಗಳು. ಬೀಜಿಂಗಿನಲ್ಲಿ ನೀನು, ನಿನ್ನ ಹೆಂಡತಿ ಕ್ಷೇಮವೆಂದು ನಂಬಿದ್ದೇನೆ. ನೀನು ಬರೆದ ಟೀವಿ ಧಾರಾವಾಹಿ ಮುಗಿದ ದಿನ ಫೋನ್ ಮಾಡಿ, "ಹೇಗಿತ್ತಕ್ಕ? ಒಳ್ಳೇದು ಕೆಟ್ಟದ್ದು ಎರಡೂ ಹೇಳು" ಎಂದು ಕೇಳಿದ್ದೆ. ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಸರಿಸಬೇಡ. ಚಳಿ ಬಿತ್ತೆಂದರೆ ನಮ್ಮ ಸಾರ್ವಜನಿಕ ಸ್ನಾನಗೃಹದಲ್ಲಿ ಗಿರಾಕಿಗಳಿಂದ ಕಾಲಿಡಲು ಜಾಗವಿರುವುದಿಲ್ಲ. ಬಾಯ್ಲರ್ ಬೇರೆ ಕೆಟ್ಟಿತ್ತು, ನಿನ್ನ ಭಾವ ಅದರ ಹೊಟ್ಟೆಯೊಳಗೇ ವಾರ ಕಳೆದರು. ಆದರೆ ನಿಜವಾದ ಕಾರಣ ಅದಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು "ಮೀಟಿಂಗಲ್ಲಿದೀನಿ" ಅನ್ನುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೆ ಮನಸ್ಸು ಬರಲಿಕ್ಕಿಲ್ಲ. ಮೊದಲ ಮೂರು ಕಂತು ಮೆಚ್ಚಿದ್ದು ಸುಳ್ಳಲ್ಲ. ಚಳಿಗಾಲಕ್ಕೆ ಹುಳಿಬರಿಸಲೆಂದು ಬಾಗಿಲು ಬಾಗಿಲಿಗೂ ಒಟ್ಟಿದ ಎಲೆಕೋಸಿನ ರಾಶಿ, ಕಲ್ಲಿದ್ದಲ ಹೊಗೆಗೆ ಕಪ್ಪಾದ ಗೋಡೆ, ಕಾರ್ಖಾನೆ ಮುಚ್ಚಿದ ವರ್ಷ ಗಂಡಸರು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದ ರೀತಿ, ಎಲ್ಲವೂ ನಮ್ಮ ವಸತಿಯೇ. ಪೊಲೀಸರು ಮನೆಮನೆಗೆ ಹೋಗಿ ಕೇಳಿದ್ದನ್ನೇ ಕೇಳುವುದು, ಜನ ಬಾಗಿಲು ಅರ್ಧ ತೆರೆದು "ನಮಗೇನೂ ಗೊತ್ತಿಲ್ಲಪ್ಪ" ಅನ್ನುವುದು, ಅದನ್ನೆಲ್ಲ ಅವಸರವಿಲ್ಲದೆ ತೋರಿಸಿದ್ದೀಯ. ಮಗಳ ಹೆಣ ಸಿಕ್ಕಿದೆ ಎಂದು ಸುದ್ದಿ ಬಂದ ಮೇಲೂ ತಾಯಿಯಾದವಳು ಒಲೆಯ ಮೇಲಿನ ಹುಳಿಕೋಸನ್ನು ತಿರುವುತ್ತಲೇ ಇರುತ್ತಾಳಲ್ಲ, ಅದು ನಮ್ಮ ಅಮ್ಮನೇ. ನಮ್ಮ ಶೂನಿಂಗಳ ಕೊಲೆಯ ಸುದ್ದಿ ಬಂದ ದಿನ ಅವಳು ಹಾಗೇ ಮಾಡಿದ್ದಳು. ಇಪ್ಪತ್ತೈದು ವರ್ಷದ ಮೇಲೂ ನಿನಗೆ ನೆನಪಿದೆಯಲ್ಲ ಎಂದು ಸಂತೋಷವೂ ಆಯಿತು.

ನಾಲ್ಕನೆಯ ಕಂತಿನಿಂದ ವಾಕರಿಕೆ ಶುರುವಾಯಿತು. ನಿನ್ನ ನಾಯಕ ಪೊಲೀಸು ಕೆಸರಿನಲ್ಲಿ, ಹಿಮದಲ್ಲಿ, ರಕ್ತದಲ್ಲಿ ಓಡಾಡುತ್ತಾನೆ; ಕೋಟಿಗೆ ಒಂದು ಕಲೆಯಿಲ್ಲ. ಕಣ್ಣು ಮುಚ್ಚಿ ನಿಂತರೆ ಸಾಕು, ಕೊಲೆಗಾರನ ಮನಸ್ಸಿನೊಳಗಿನದೆಲ್ಲ ಕಾಣಿಸುತ್ತದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೇಸು ಬಿಡಿಸುತ್ತಾನೆ. ಸುಳಿವು ಸಿಕ್ಕಾಗಲೆಲ್ಲ ಪಕ್ಕದವನಿಗೆ ಒಮ್ಮೆ, ಮೇಲಧಿಕಾರಿಗೆ ಇನ್ನೊಮ್ಮೆ ಬಿಡಿಸಿ ಹೇಳುತ್ತಾನೆ, ನೋಡುವವರೆಲ್ಲ ದಡ್ಡರೆಂಬಂತೆ. ನಿಜವಾಗಿ ಶೂನಿಂಗಳ ಕೇಸಿನ ಹಿಂದೆ ಅಲೆದ ಪೊಲೀಸು ಗುವಾನ್ ಮಾಮ ಆ ಚಳಿಗಾಲವಿಡೀ ತೂತುಬಿದ್ದ ಒಂದೇ ಸ್ವೆಟರಿನಲ್ಲಿದ್ದರು. ಅವರ ಕಣ್ಣಿಗೆ ಏನೂ ಕಾಣಿಸಲಿಲ್ಲ. ಕೊಂದವನು ಇವತ್ತಿಗೂ ಸಿಕ್ಕಿಲ್ಲ. ಇದು ನಿನಗೂ ಗೊತ್ತು.

ಶವಾಗಾರದ ಮುಂದೆ ನಿಂತು ಪೊಲೀಸರಿಬ್ಬರು ಮೊಸರಿನ ಬಾಟಲಿ ಎತ್ತಿ, ಕಂಪನಿಯ ಹೆಸರು ನಮ್ಮ ಕಡೆ ತಿರುಗಿಸಿ, ಚಪ್ಪರಿಸಿ ಕುಡಿಯುತ್ತಾರಲ್ಲ, ಅದನ್ನು ಬರೆದವನು ನೀನೋ ಜಾಹೀರಾತಿನವರೋ? ಒಳಗೆ ಮಲಗಿದ್ದವಳು ನಮ್ಮ ಶೂನಿಂಗ್ ಕಣೋ. ಅಲ್ಲಿ ನಾನು ಎದ್ದು ಹೋಗಿ ಮುಖ ತೊಳೆದು ಬಂದೆ.

ಅಪ್ಪನ ಕಾರ್ಖಾನೆ ಅಂಗಿಗೆ ತೇಪೆ ಹಾಕಿಕೊಂಡು ರಾತ್ರಿ ಪಾಳಿಗೆ ಹೋಗುತ್ತಿದ್ದ ಹುಡುಗಿಗೆ ಕೆಂಪು ಲಂಗ ತೊಡಿಸಿದೆ. ಇಲ್ಲದ ಪ್ರೇಮಿಯನ್ನು ಅಂಟಿಸಿದೆ. ಕ್ಯಾಮೆರಾ ಅವಳ ಕಾಲಿನ ಮೇಲೆ ಹರಿದಾಡುವಾಗ ಪಕ್ಕದಲ್ಲಿ ಅಮ್ಮ ಕೂತಿದ್ದಳು. ಕೊಂದವನಿಗಾದರೋ ಒಂದು ಇಡೀ ಕಂತು! ಅವನ ಬಾಲ್ಯ, ಮಲತಂದೆಯ ಬೆಲ್ಟು, ಸತ್ತ ನಾಯಿಮರಿ, ಹಿನ್ನೆಲೆಗೆ ಪಿಟೀಲು. ಮಾರನೆಯ ದಿನ ವಸತಿಯ ಬಾವೊಯಿಂಗ್ ಅತ್ತಿಗೆ ನಮ್ಮ ಸ್ನಾನಗೃಹದಲ್ಲಿ ಬೋರಲು ಮಲಗಿ ಬೆನ್ನು ಉಜ್ಜಿಸಿಕೊಳ್ಳುತ್ತ ಮೂಗು ಸೊರಗುಟ್ಟಿಸಿದಳು.

"ರಾತ್ರಿ ನಿದ್ದೇನೇ ಬರ್ಲಿಲ್ಲ ಕಣೇ. ಪಾಪ, ಎಷ್ಟು ಹೊಡೆಸ್ಕೊಂಡಿದಾನೆ ಆ ಹುಡುಗ!"

"ಯಾವ ಹುಡುಗ?" ಎಂದೆ.

"ಅದೇ, ಕೊಂದ್ನಲ್ಲ, ಅವನು."

ಆಚೆಯ ಮಂಚದವಳು ತಲೆ ಎತ್ತಿದಳು. "ಆ ಹುಡುಗೀದೇನು ಕಮ್ಮಿ ತಪ್ಪಾ? ಅಷ್ಟೊತ್ನಲ್ಲಿ ಕೆಂಪು ಲಂಗ ಹಾಕ್ಕೊಂಡು ಕುಣ್ಕೊಂಡು ಹೋದ್ರೆ ಇನ್ನೇನಾಗತ್ತೆ?"

ಆಮೇಲೆ ನಾನು ಯಾರೆಂಬುದು ನೆನಪಾಗಿ ಇಬ್ಬರೂ ಮುಖವನ್ನು ಮಂಚಕ್ಕೆ ಒತ್ತಿಕೊಂಡರು. ಬಕೆಟ್ಟಿನ ತಣ್ಣೀರನ್ನು ಆಚೆಯವಳ ಬೆನ್ನಿಗೆ ಸುರಿದೆ. ಅವಳು ಕಿರುಚಿಕೊಂಡು ಎದ್ದು ಹೋದಳು, ಮತ್ತೆ ಬಂದಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಕಂಡಿದ್ದೇನೆ. ತನ್ನದೇ ಮನೆಯ ಗಳ ಹಿರಿದವನನ್ನು ಈಗ ಕಂಡೆ. ಒರಟಾಗಿ ಬರೆದೆನೇನೋ. ನನಗೆ ಹೇಸಿಗೆಯಾಗಿದೆ, ಬೇರೆ ಮಾತು ಹೊಳೆಯುತ್ತಿಲ್ಲ.

ಇಷ್ಟೇ ಆಗಿದ್ದರೆ ಉಗಿದು ಮರೆಯುತ್ತಿದ್ದೆ. ಈಗ ಅಮ್ಮನ ವಿಷಯ. ಹನ್ನೆರಡನೆಯ ಕಂತಿನ ಕೊನೆಗೆ ಪರದೆ ಕಪ್ಪಾಗಿ ಬಿಳಿ ಅಕ್ಷರ ಬಂತಲ್ಲ, "ಹಂತಕನಿಗೆ ಮರಣದಂಡನೆ ವಿಧಿಸಲಾಯಿತು, ಶಿಕ್ಷೆ ಜಾರಿಯಾಗಿದೆ" ಎಂದು? ಹಾಗೆ ಮುಗಿಯದ ಪೊಲೀಸು ಧಾರಾವಾಹಿಯನ್ನು ನಾನಂತೂ ಕಂಡಿಲ್ಲ, ಅದೊಂದು ಶಾಸ್ತ್ರ. ಅಮ್ಮ ಆ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ನನ್ನ ಕೈ ಹಿಡಿದುಕೊಂಡು, "ಸಿಕ್ಕಿದ್ನಾ? ಗುಂಡು ಹಾಕಿದ್ರಾ?" ಎಂದಳು.

"ಅಮ್ಮ, ಅದು ಕಥೆ" ಎಂದೆ.

"ಯಾರ್ದೋ ಕಥೆ ಅಲ್ಲ ಅದು. ಶುರೂನಲ್ಲೇ ಪೊಲೀಸ್ ಇಲಾಖೆ ಮುದ್ರೆ ಬಂತು, ನಾನು ಕುರುಡಿನಾ? ಝೆಪಿಂಗ್ ಸ್ವಂತ ಅಕ್ಕನ ವಿಷಯದಲ್ಲಿ ಸುಳ್ಳು ಬರೀತಾನಾ? ಗೊತ್ತಿಲ್ದೇ ಬರೀತಾನಾ? ನಿನಗೆ ತಮ್ಮ ಮುಂದೆ ಬಂದ ಅಂತ ಹೊಟ್ಟೆಕಿಚ್ಚು."

ಇನ್ನೆರಡು ಸಲ ಹೇಳಿ ನೋಡಿದೆ. ಬೈಸಿಕೊಂಡೆ. ಚಳಿಬಟ್ಟೆ ಹಬ್ಬದ ಸಂಜೆ ನಾಲ್ಕು ದಾರಿ ಕೂಡುವಲ್ಲಿ ಸತ್ತವರಿಗೆ ತಲುಪಲೆಂದು ಕಾಗದದ ಉಡುಪು ಸುಡುವಾಗ ಪ್ರತಿವರ್ಷ ಅಮ್ಮನ ಬಾಯಲ್ಲಿ ಒಂದೇ ಮಾತು: "ತಡಕೋ ಮಗಳೇ, ಇನ್ನೂ ಹುಡುಕ್ತಿದಾರೆ." ಈ ವರ್ಷ ಬೆಂಕಿಗೆ ಹೊಸ ಅಂಗಿ ಹಾಕಿ, "ಸಿಕ್ಕಿದ ಕಣೇ. ನಿನ್ ತಮ್ಮ ಟೀವಿಯಲ್ಲಿ ತೋರಿಸಿದ. ಇನ್ನು ಬೆಚ್ಚಗೆ ಮಲ್ಕೋ" ಎಂದಳು. ಅಳಲೂ ಇಲ್ಲ. ದಾರಿಯುದ್ದಕ್ಕೂ ಕಂಡವರಿಗೆಲ್ಲ ಹೇಳುತ್ತ ಬಂದಳು. ಜನ ಅಭಿನಂದನೆ ಹೇಳಿದರು.

ಆಮೇಲೆ ಪೇಟೆಗೆ ಹೋಗಿ ಕೆಂಪು ಮಖಮಲ್ಲಿನ ಪತಾಕೆ ಮಾಡಿಸಿದಳು, ಪೊಲೀಸರಿಗೆ ಕೃತಜ್ಞತೆ ಹೇಳಲು ಎಲ್ಲರೂ ಕೊಡುವಂಥದ್ದು. ಚಿನ್ನದ ಅಕ್ಷರ, ಹಳದಿ ಕುಚ್ಚು. ನನ್ನನ್ನೂ ಎಳೆದುಕೊಂಡು ಗುವಾನ್ ಮಾಮನ ಮನೆಗೆ ಹೋದಳು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಒಂದು ಕಿವಿ ಕೇಳಿಸುವುದಿಲ್ಲ. ಪತಾಕೆ ನೋಡಿ ಮುಖ ಬಿಳಿಚಿಕೊಂಡರು.

"ಅತ್ತಿಗೆ, ಇದನ್ನ ತಗೊಳ್ಳೋ ಯೋಗ್ಯತೆ ನನಗಿಲ್ಲ."

"ಸಂಕೋಚ ಯಾಕ್ರೀ? ನಿಮ್ಮ ಪಾತ್ರಕ್ಕೆ ಸುಂದರಾಂಗನ್ನ ಹಾಕಿದ್ರೆ ಏನಂತೆ, ಅದು ನೀವೇ ಅಂತ ನನಗೆ ಗೊತ್ತಾಗಲ್ವಾ? ತಗೊಳ್ಳಿ, ಗೋಡೆಗೆ ಹಾಕಿ."

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಮ್ಮ ನಿಂತು ಮೊಳೆ ಹೊಡೆಸಿಯೇ ಹೊರಟಳು. ಕೆಳಗೆ ಬಿಡಲು ಬಂದ ಮಾಮ ಮೆಟ್ಟಿಲಲ್ಲಿ ನನ್ನ ತೋಳು ಹಿಡಿದರು. "ಊಟಕ್ಕೆ ಕೂತ್ರೆ ಎದುರಿಗೆ ಅದೇ ಕಾಣತ್ತಮ್ಮ. ನಾನು ನಿಜ ಹೇಳಿದ್ರೆ ನಿಮ್ಮಮ್ಮ ಮಗಳನ್ನ ಎರಡನೇ ಸಲ ಕಳ್ಕೋತಾರೆ. ನಂಬಿಸಿದೋನೇ ಬಂದು ಹೇಳ್ಲಿ. ಅವನ ಮಾತು ಬಿಟ್ಟು ಅವರು ಇನ್ಯಾರ ಮಾತೂ ಕೇಳಲ್ಲ." ಆ ಮುದುಕ ಅಳುವುದನ್ನು ನಾನು ಹಿಂದೆ ನೋಡಿರಲಿಲ್ಲ.

ನಿನ್ನ ಧಾರಾವಾಹಿಗೆ ಪ್ರಶಸ್ತಿ ಬರಬಹುದಂತೆ, ಭಾವ ಫೋನಿನಲ್ಲಿ ಓದಿದರು. ಬರಲಿ. ನಿನ್ನ ಎದೆ ನೋವು ಹೇಗಿದೆ? ಸಿಗರೇಟು ಕಮ್ಮಿ ಮಾಡು, ಬೆಳಿಗ್ಗೆ ಬಿಸಿ ಗಂಜಿ ಕುಡಿ. ಏನೇ ಬೈದರೂ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ನಾನು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗೆ ಒಳ್ಳೆಯ ಬುದ್ಧಿ ಬರಲಿ.

ನಿನ್ನ ಅಕ್ಕ,
ಶೂಚಿನ್

ಮರೆತ ಮಾತು: ಕೊಂದವನು ಸಿಗುವ ತನಕ ಮಣ್ಣು ಕೊಡುವುದಿಲ್ಲ ಎಂದು ಅಮ್ಮ ಶೂನಿಂಗಳ ಬೂದಿಯ ಪೆಟ್ಟಿಗೆಯನ್ನು ಸ್ಮಶಾನದ ಕಪಾಟಿನಲ್ಲೇ ಇಟ್ಟಿದ್ದಳಲ್ಲ, ಮೊನ್ನೆ ಸಮಾಧಿಗೆ ಜಾಗ ಕೊಂಡಳು. ಬರುವ ತಿಂಗಳು ಚಳಿಗಾಲದ ಸಂಕ್ರಮಣದ ದಿನ ಮಣ್ಣು ಕೊಡುವುದು. ಶೂನಿಂಗಳಿಗೆ ಇಷ್ಟವೆಂದು ಹುಳಿಕೋಸಿನ ಕಡುಬಿಗೆ ಈಗಲೇ ಹಿಟ್ಟು ತಂದಿಟ್ಟಿದ್ದಾಳೆ. ಕಲ್ಲು ಮುಚ್ಚುವ ಮೊದಲು ಮಗಳ ಕಿವಿಯಲ್ಲಿ ಹೇಳಲು ಅಮ್ಮನಿಗೆ ಒಂದೇ ಒಂದು ಮಾತು ಬೇಕಂತೆ. ಅದಕ್ಕೇ ಈ ಕಾಗದ ಬರೆಯಲು ಕೂರಿಸಿದಳು. ಈಗಲೂ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. "ಟೀವಿಯಲ್ಲಿ ಹೆಸರು ಬದಲಾಯಿಸಿರ್ತಾರೆ, ಅಷ್ಟು ನನಗೂ ಗೊತ್ತು. ಕೊಂದೋನ ನಿಜವಾದ ಹೆಸರೇನು ಅಂತ ತಮ್ಮನ್ನ ಕೇಳು. ಅವನು ಬರೆದಿದಾನೆ, ಅವನಿಗೆ ಗೊತ್ತಿರತ್ತೆ" ಅನ್ನುತ್ತಿದ್ದಾಳೆ. ಕೇಳಿದ್ದೇನೆ. ನೀನೇ ಬಂದು ಹೇಳು.