ಗಾಡಿ ರಿಪೇರಿಯಲ್ಲಿದೆ

ಏಪ್ರಿಲ್ ೯, ಬುಧವಾರ
ಡಿಪೋ ಕಚೇರಿ, ಊಟದ ಬಿಡುವು

ಮಕ್ಕಳ ಅಪ್ಪನವರಿಗೆ,

ನಾವು ಮೂವರೂ ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ. ಹನ್ನೊಂದು ಪುಟದ ಯೋಜನೆ ಬರೆಯುವಷ್ಟು ಪುರುಸೊತ್ತು ಇರುವ ಮನುಷ್ಯ ಕ್ಷೇಮವಾಗಿಯೇ ಇರುತ್ತಾನೆ.

ಲಕೋಟೆ ಸೋಮವಾರ ತಲುಪಿತು. ಶಾಲೆಯ ರಜೆಯಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು, ಇಬ್ಬರು ಮಕ್ಕಳನ್ನು ಹತ್ತಿಸಿಕೊಂಡು, ಹನ್ನೆರಡು ದಿನ ರಸ್ತೆಯ ಮೇಲೆ! ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರಲ್ಲೇ ಉಳಿದದ್ದೂ. ಬೇರೆಯಾದಾಗ ಬರೆದುಕೊಂಡ ಕರಾರಿನಂತೆ ಮಕ್ಕಳು ಒಂದು ದಿನ ಹೊರಗೆ ತಂಗಬೇಕಾದರೂ ನನ್ನ ಸಹಿ ಬೇಕಲ್ಲ, ಅದಕ್ಕೇ ಕೊನೆಯ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಕಳಿಸಿದ್ದೀರಿ. ಶುಕ್ರವಾರದೊಳಗೆ ಸಹಿ ಬರದಿದ್ದರೆ ಗಾಡಿ ಬೇರೆಯವರ ಪಾಲು, ಇನ್ನು ಮುಂದಿನ ವರ್ಷವೇ ಎಂದೂ ಬರೆದಿದ್ದೀರಿ. ಹಾಕುತ್ತೇನೋ ಇಲ್ಲವೋ ಆಮೇಲೆ ನೋಡೋಣ. ಮೊದಲು ತಮ್ಮ ಯೋಜನೆಗೆ ಬರುತ್ತೇನೆ. ಹದಿನಾಲ್ಕು ವರ್ಷದಿಂದ ಬಸ್ ಡ್ರೈವರುಗಳ ಡ್ಯೂಟಿ ಪಟ್ಟಿ ಹಾಕುತ್ತಿರುವ ಕೈ ನನ್ನದು. ಪಟ್ಟಿ ನೋಡಿದರೆ ಗಾಡಿ ಎಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ಹೇಳಬಲ್ಲೆ. ನಿಮ್ಮದು ಗೇಟು ದಾಟುವ ಮೊದಲೇ ನಿಲ್ಲುತ್ತದೆ.

ಮೊದಲ ದಿನವೇ ಮುನ್ನೂರ ನಲವತ್ತು ಕಿಲೋಮೀಟರ್. ನನ್ನ ಡ್ರೈವರುಗಳು ಓಡಿಸುತ್ತಾರೆ, ಸರಿ. ಆದರೆ ಅವರ ಹಿಂದೆ ಕೂತವರು ಬೆಳೆದ ಜನ, ನಾಚಿಕೆಗಾದರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ನಿಮ್ಮ ಹಿಂದೆ ಕೂರುವವರಲ್ಲಿ ದೊಡ್ಡವಳಿಗೆ ಎಂಟು ವರ್ಷ, ಗುಂಡನಿಗೆ ಐದು. ಒಂದು ಗಂಟೆಗೊಮ್ಮೆ ಒಬ್ಬನಿಗೆ ಮೂತ್ರ ಬರುತ್ತದೆ. ಅವನು ಮಾಡಿ ಬಂದು ಗಾಡಿ ಹೊರಟ ಮೇಲೆ ಇನ್ನೊಬ್ಬಳಿಗೆ ಬರುತ್ತದೆ. ಇದು ನಿಮ್ಮ ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ.

ಗಾಡಿಯಲ್ಲಿ ಆರು ಜನ ಮಲಗಬಹುದು ಎಂಬುದರ ಕೆಳಗೆ ಎರಡೆರಡು ಗೆರೆ. ಮಲಗುವುದು ಹಾಗಿರಲಿ, ಓಡುವಾಗ ಕೂರುವುದೆಲ್ಲಿ? ಗುಂಡನ ಸೀಟನ್ನು ಗೋಡೆಗೆ ಆನಿಸಿದ ಅಡ್ಡ ಸೋಫಾದ ಮೇಲೆ ತೋರಿಸಿದ್ದೀರಿ, ಅಲ್ಲಿ ಕಿಟಕಿ ದೊಡ್ಡದಿದೆ ಎಂದು. ಮಗುವಿನ ಸೀಟನ್ನು ಮುಂದಕ್ಕೆ ಮುಖ ಮಾಡಿದ, ಗಟ್ಟಿ ಬೆಲ್ಟ್ ಇರುವ ಜಾಗದಲ್ಲೇ ಕಟ್ಟಬೇಕು. ನೀವು ಬ್ರೇಕ್ ಒತ್ತಿದರೆ ಅಡ್ಡ ಕೂತ ಮಗು ಕಿಟಕಿಯ ನೋಟ ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದೀರಾ? ಇಲ್ಲ. ನೀವು ಪರದೆಯ ಬಣ್ಣ ಯೋಚಿಸಿದ್ದೀರಿ, ಐದನೆಯ ಪುಟದಲ್ಲಿದೆ.

ನಿಮ್ಮ ಮಂಚ ಐದೂವರೆ ಅಡಿ, ನೀವು ಆರಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಿಮ್ಮನ್ನೇ ನೋಡಿ ಇರಬೇಕು. ಶೌಚದ ಟ್ಯಾಂಕನ್ನು ಎರಡು ದಿನಕ್ಕೊಮ್ಮೆ ಕೈಯಾರೆ ಎಳೆದು, ಹೊತ್ತು, ಖಾಲಿ ಮಾಡಿ, ತೊಳೆಯಬೇಕು. ಅದರ ಎದುರು ನೀವು ಬರೆದಿರುವುದು ‘ನೋಡೋಣ’. ದೊಡ್ಡವಳ ಲಂಗೋಟಿ ಬದಲಿಸುವಾಗ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಪಕ್ಕದ ಕೋಣೆಯಿಂದ ಸಲಹೆ ಕೊಡುತ್ತಿದ್ದವರು ನೀವು. ಏನು ನೋಡುತ್ತೀರಿ?

ಇನ್ನು ಆರನೆಯ ಪುಟ, ‘ಮಕ್ಕಳ ದಿನಚರಿ’. ಇದನ್ನು ಓದಿ ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಕೊನೆಗೆ ಸಿಟ್ಟು ಬಂತು. ಗುಂಡನಿಗೆ ಮಧ್ಯಾಹ್ನ ಒಂದರಿಂದ ಮೂರು ನಿದ್ದೆ. ಹಾಲು ಬಾಟಲಿ ಬಿಸಿ ಮಾಡಲು ಸಣ್ಣ ಪಾತ್ರೆ. ಕಕ್ಕಸಿಗೆ ನೀಲಿ ಪ್ಲಾಸ್ಟಿಕ್ ಕುರ್ಚಿ. ದೊಡ್ಡವಳಿಗೆ ಮಲಗುವ ಮುಂಚೆ ಮೊಲದ ಕಥೆ, ಕತ್ತಲೆಗೆ ಹೆದರುವುದರಿಂದ ಸಣ್ಣ ದೀಪ. ಸ್ವಾಮಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಕೂಸು ಬೆಳೆದು ಶಾಲೆಗೆ ಹೋದ ಮೇಲೆ ಕುಲಾವಿ ಹೊಲಿಸಿ ತಂದವರು ನೀವೊಬ್ಬರೇ. ಗುಂಡ ಮಧ್ಯಾಹ್ನದ ನಿದ್ದೆ ಬಿಟ್ಟು ಒಂದೂವರೆ ವರ್ಷವಾಯಿತು. ಬಾಟಲಿಯನ್ನು ಅವನೇ ಕಸದ ಬುಟ್ಟಿಗೆ ಹಾಕಿ ಬಂದ. ಬಾಗಿಲು ಹಾಕಿಕೊಂಡು ಒಬ್ಬನೇ ಹೋಗುತ್ತಾನೆ, ಒಳಗಿನಿಂದ ಹಾಡುತ್ತಾನೆ. ದೊಡ್ಡವಳಿಗೆ ಮೊಲದ ಕಥೆ ಬೇಡ. ಅವಳೇ ಓದುತ್ತಾಳೆ, ತಮ್ಮನಿಗೂ ಓದಿ ಹೇಳುತ್ತಾಳೆ, ಬೇಕೆಂದೇ ಹೆದರಿಸುವ ಕಡೆ ಧ್ವನಿ ತಗ್ಗಿಸುತ್ತಾಳೆ. ಕತ್ತಲೆಯ ಭಯ ಹೋಗಿ ತಿರುವು ರಸ್ತೆಯಲ್ಲಿ ವಾಂತಿ ಬಂದಿದೆ. ನೀವು ಯೋಜನೆ ಹಾಕಿರುವುದು ಎರಡು ವರ್ಷದ ಹಿಂದೆ ಬಿಟ್ಟುಹೋದ ಇಬ್ಬರು ಮಕ್ಕಳಿಗೆ. ಆ ಇಬ್ಬರು ಈಗ ಈ ಮನೆಯಲ್ಲಿ ಇಲ್ಲ.

ನಿಮಗೆ ಗೊತ್ತಾಗುವುದು ಹೇಗೆ ಎಂದು ಕೇಳುತ್ತೀರಿ. ಕೇಳಿ. ಭಾನುವಾರದ ಹತ್ತು ನಿಮಿಷದ ಫೋನಿನಲ್ಲಿ ಮಕ್ಕಳು ಎಷ್ಟು ಹೇಳುತ್ತಾರೆ? ನೋಡಲು ಬರುತ್ತೇನೆ ಎಂದು ನೀವು ಬರೆದಾಗಲೆಲ್ಲ ನನ್ನ ಉತ್ತರ ಸಿದ್ಧವಿರುತ್ತಿತ್ತು: ದೊಡ್ಡವಳಿಗೆ ಪರೀಕ್ಷೆ, ಗುಂಡನಿಗೆ ಜ್ವರ. ನಾಲ್ಕು ಸಲ ಜ್ವರ ಎಂದು ಬರೆದೆ. ಒಂದು ಸಲ ಮಾತ್ರ ನಿಜಕ್ಕೂ ಜ್ವರವಿತ್ತು. ಇದನ್ನು ಒಪ್ಪಿಕೊಳ್ಳುತ್ತಿರುವುದು ಕ್ಷಮೆಗಾಗಿ ಅಲ್ಲ. ಯೋಜನೆಯ ತಪ್ಪಿನಲ್ಲಿ ನನ್ನ ಪಾಲು ಎಷ್ಟು ಎಂಬುದೂ ಪಟ್ಟಿಯಲ್ಲಿ ಇರಲಿ ಎಂದು.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಮಕ್ಕಳೊಂದಿಗೆ ಇರಬೇಕಾದರೆ ಒಂದು ಕೋಣೆ ಹಿಡಿಯಬಹುದಿತ್ತು, ರೈಲು ಹತ್ತಬಹುದಿತ್ತು. ಈ ಮನೆಗಾಡಿ ಯಾಕೆ? ಸ್ಕೂಟರನ್ನು ಹಿಂದಕ್ಕೆ ತೆಗೆಯಲು ನನ್ನನ್ನು ಕರೆಯುತ್ತಿದ್ದವರು ನೀವು. ಊರಿನವರ ಮೂಗಿನ ಮೇಲೆಲ್ಲ ಕನ್ನಡಕ ಕೂರಿಸುವವರು, ತಮಗೆ ಪಕ್ಕದ ಕನ್ನಡಿಯಲ್ಲಿ ಲಾರಿ ಕಂಡರೆ ಕಣ್ಣು ಮುಚ್ಚುವವರು. ಕೊನೆಗೆ ಲಗತ್ತಿಸಿದ ಲೈಸೆನ್ಸಿನ ನಕಲು ನೋಡಿದೆ. ದೊಡ್ಡ ಗಾಡಿಯದು, ಕಳೆದ ತಿಂಗಳ ತಾರೀಖು. ಖೋಟಾ ಎಂದೇ ತೀರ್ಮಾನಿಸಿದೆ, ಸಂಶಯವೇ ಬರಲಿಲ್ಲ.

ನಿಮ್ಮ ಊರಿನ ರೂಟಿನಲ್ಲಿ ಓಡುವ ನಮ್ಮ ಹಿರಿಯ ಡ್ರೈವರು ವಾರದ ರಜೆಯ ದಿನ ಅಲ್ಲಿಯ ಮೈದಾನದಲ್ಲಿ ದೊಡ್ಡ ಗಾಡಿ ಕಲಿಸುತ್ತಾರೆ. ನಿನ್ನೆ ಕಿಟಕಿಗೆ ಡ್ಯೂಟಿ ಚೀಟಿ ತೆಗೆದುಕೊಳ್ಳಲು ಬಂದಾಗ ಆ ನಕಲನ್ನು ಮುಂದಿಟ್ಟು, ಇದು ಅಸಲಿಯೇ ನೋಡಿ ಎಂದೆ. ನೀವು ನನಗೆ ಏನಾಗಬೇಕು ಎಂಬುದು ಅವರಿಗೆ ತಿಳಿಯದು. ಫೋಟೋ ನೋಡಿದ ಕೂಡಲೇ ನಗಲು ಶುರು ಮಾಡಿದರು. ಅಯ್ಯೋ, ಇವರಾ, ಕನ್ನಡಕದ ಅಂಗಡಿಯವರು, ನಾಲ್ಕು ತಿಂಗಳು ನನ್ನ ಪ್ರಾಣ ತಿಂದ್ರು ಮೇಡಂ ಎಂದರು. ಮೈದಾನದಲ್ಲಿ ನಿಲ್ಲಿಸಿದ ಡ್ರಮ್ಮುಗಳಲ್ಲಿ ನೀವು ಬೀಳಿಸದೇ ಉಳಿದದ್ದು ಒಂದೂ ಇಲ್ಲವಂತೆ. ಗಾಡಿ ಹಿಂದಕ್ಕೆ ತೆಗೆಯುವಾಗ ಉಸಿರು ಬಿಗಿಹಿಡಿದು ಮುಖ ಕೆಂಪಾಗುತ್ತಿತ್ತಂತೆ. ಪರೀಕ್ಷೆಯಲ್ಲಿ ಮೂರು ಸಲ ಫೇಲಂತೆ. ಹೇಳಿ ಹೇಳಿ ಅವರು ನಕ್ಕರು, ನಾನೂ ನಕ್ಕೆ. ನಿಮ್ಮನ್ನು ನೋಡಿ ನಗುವುದು ನನಗೆ ಹೊಸದಲ್ಲ.

ಆಮೇಲೆ ಅವರೇ ಹೇಳಿದರು. ಬಿಟ್ಬಿಡಿ ಸಾರ್, ನಿಮಗ್ಯಾಕೆ ಈ ವಯಸ್ಸಲ್ಲಿ ಈ ಚಟ ಅಂತ ಕೇಳಿದ್ದಕ್ಕೆ, ಏನ್ ಮಾಡ್ಲಿ ಮೇಷ್ಟ್ರೇ, ನನ್ನ ಮಗನ ಲೆಕ್ಕದಲ್ಲಿ ನಾನು ಡ್ರೈವರು ಅಂದರಂತೆ ನೀವು.

ಅಲ್ಲಿಗೆ ನನ್ನ ನಗು ನಿಂತಿತು. ಅವರು ಚೀಟಿ ತೆಗೆದುಕೊಂಡು ಹೋದರು.

ಆ ಸುಳ್ಳು ನನ್ನದು. ನಿಮಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನೀವು ಹೋದಾಗ ಗುಂಡನಿಗೆ ಮೂರು ವರ್ಷ. ದಿನವೂ ಬೆಳಿಗ್ಗೆ ಎದ್ದು ನಿಮ್ಮ ಚಪ್ಪಲಿ ಇರುತ್ತಿದ್ದ ಜಾಗದಲ್ಲಿ ನಿಂತು ಅಪ್ಪ ಎಲ್ಲಿ ಎನ್ನುತ್ತಿದ್ದ. ಈ ಮನೆಯಲ್ಲಿ ನಾನು ಏನು ಮಾಡಿದರೂ ನಿನ್ನ ಕಣ್ಣಿಗೆ ತಪ್ಪೇ, ಉಸಿರು ಕಟ್ಟುತ್ತದೆ ಎಂದು ಹೇಳಿ ನೀವು ಹೋದದ್ದನ್ನು ಮೂರು ವರ್ಷದ ಮಗುವಿಗೆ ಯಾವ ಮಾತಿನಲ್ಲಿ ಹೇಳಲಿ? ಅಪ್ಪ ದೊಡ್ಡ ಗಾಡಿ ಓಡಿಸ್ತಾರೆ ಪುಟ್ಟಾ, ತುಂಬಾ ದೂರ, ಅದಕ್ಕೇ ಬರಕ್ಕಾಗಲ್ಲ ಎಂದೆ. ಅಂದಿನಿಂದ ಡಿಪೋದಲ್ಲಿ ಕೇಳಿದ ಕಥೆಗಳನ್ನೆಲ್ಲ ಮನೆಗೆ ಒಯ್ದು ನಿಮ್ಮ ತಲೆಗೆ ಕಟ್ಟಿದೆ. ನಿಮ್ಮ ಮಾನ ಉಳಿಸಲು ಎಂದು ಹಿಗ್ಗಬೇಡಿ. ಬಿಟ್ಟುಹೋದವನ ಹೆಂಡತಿ ಎನಿಸಿಕೊಳ್ಳುವುದಕ್ಕಿಂತ ದೂರದ ಡ್ರೈವರನ ಹೆಂಡತಿಯಾಗಿರುವುದು ನನಗೆ ಸುಲಭವಾಗಿತ್ತು. ದೊಡ್ಡವಳಿಗೆ ಆಗಲೇ ಆರು ವರ್ಷ, ಅವಳಿಗೆ ಎಲ್ಲ ಗೊತ್ತು. ಒಂದು ದಿನವೂ ತಮ್ಮನ ಮುಂದೆ ಬಾಯಿ ಬಿಟ್ಟಿಲ್ಲ. ನಾನು ಹಾಗೆ ಹೇಳಿಕೊಟ್ಟೂ ಇಲ್ಲ.

ನಿನ್ನೆ ಸಂಜೆ ಗುಂಡನನ್ನು ಕೂರಿಸಿಕೊಂಡು ಕೇಳಿದೆ, ಫೋನಿನಲ್ಲಿ ಅಪ್ಪನಿಗೆ ಏನು ಹೇಳಿದ್ದೆ ಎಂದು. ನಿನ್ನ ದೊಡ್ಡ ಗಾಡೀಲಿ ನಮ್ಮನ್ನೂ ಕರ್ಕೊಂಡು ಹೋಗು ಅಂದೆ ಎಂದ. ಅಪ್ಪ ಏನಂದ್ರು ಎಂದೆ. ಗಾಡಿ ರಿಪೇರಿಯಲ್ಲಿದೆ, ಆದ ತಕ್ಷಣ ಬರ್ತೀನಿ ಅಂದ ಎಂದ. ಅದು ನವೆಂಬರಿನ ಮಾತು. ನಿನ್ನ ಅಮ್ಮ ಸುಳ್ಳು ಹೇಳಿದ್ದಾಳೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು ನೀವು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಹಾಗೇ ಮುಗಿಸುತ್ತಿದ್ದೆ, ಸಂತೋಷವಾಗಿ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ. ನಿಮ್ಮ ಮೇಲೆ ಇರುವ ಅಸಹ್ಯವನ್ನು ಅದು ಸ್ವಲ್ಪವೂ ಕಡಿಮೆ ಮಾಡಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಈ ಮೇಜಿನ ಮುಂದೆ ಕೂತಿದ್ದೇನೆ.

ಸಹಿ ಹಾಕಿದ್ದೇನೆ. ಕೊನೆಯ ಪುಟ ನೋಡಿ.

ನಿಮ್ಮ ಮೇಲೆ ನಂಬಿಕೆ ಬಂತು ಎಂದುಕೊಳ್ಳಬೇಡಿ. ಮಿಕ್ಕ ಹತ್ತು ಪುಟಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಹೊಸ ಪಟ್ಟಿ ನಾನೇ ಬರೆದಿದ್ದೇನೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಗಾಡಿ ಓಡಬಾರದು. ಹನ್ನೆರಡು ದಿನಕ್ಕೆ ನಾಲ್ಕು ಜಾಗ ಸಾಕು. ಮಕ್ಕಳಿಗೆ ನೋಡುವ ಸ್ಥಳ ಬೇಡ, ಓಡುವ ಜಾಗ ಬೇಕು. ಮಧ್ಯಾಹ್ನ ಮೂರಕ್ಕೇ ಗಾಡಿ ನಿಲ್ಲಿಸಿ, ಬೆಳಕಿರುವಾಗಲೇ ನೀರು, ಗ್ಯಾಸು, ಗಾಡಿ ನಿಂತ ನೆಲದ ಮಟ್ಟ ಎಲ್ಲ ನೋಡಿಕೊಳ್ಳಿ. ಗಾಡಿಯ ಎತ್ತರವನ್ನು ದೊಡ್ಡ ಅಂಕಿಯಲ್ಲಿ ಬರೆದು ಸ್ಟೇರಿಂಗಿನ ಮುಂದೆ ಅಂಟಿಸಿ, ಇಲ್ಲದಿದ್ದರೆ ಮೊದಲ ಸೇತುವೆಯ ಕೆಳಗೇ ಮನೆಯ ಮಾಳಿಗೆ ಬಿಟ್ಟು ಬರುತ್ತೀರಿ. ತಿರುವು ಬರುವ ಮುಂಚೆ ದೊಡ್ಡವಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಿ. ಕಿತ್ತುಕೊಂಡರೆ ಒಂದು ಗಂಟೆ ಮಾತು ಬಿಡುತ್ತಾಳೆ, ಅದು ನಿಮಗೆ ಲಾಭವೇ. ಮತ್ತೆ ಆ ಟ್ಯಾಂಕು. ‘ನೋಡೋಣ’ ಅಲ್ಲ. ನೀವು.

ನೀನೂ ಬರ್ತೀಯಾ ಎಂದು ದೊಡ್ಡವಳು ನನ್ನನ್ನು ಕೇಳಿದಳು. ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತರೆ ನೀವು ಮತ್ತೆ ಉಸಿರು ಬಿಗಿಹಿಡಿಯುತ್ತೀರಿ, ಗಾಡಿ ಡ್ರಮ್ಮಿಗೆ ಹೊಡೆಯುತ್ತದೆ. ಈ ಸಲ ಅದರಲ್ಲಿ ಮಕ್ಕಳಿರುತ್ತಾರೆ.

ಬಿಡುವು ಮುಗಿಯಿತು, ಕಿಟಕಿಯ ಹೊರಗೆ ಮೂರು ಜನ ಡ್ರೈವರುಗಳು ಕಾಯುತ್ತಿದ್ದಾರೆ. ಅವರಲ್ಲಿ ಯಾರಿಗೂ ಹನ್ನೊಂದು ಪುಟ ಬೇಕಾಗುವುದಿಲ್ಲ.

ಇಂತು,
ಮಕ್ಕಳ ಅಮ್ಮ

ಮರೆತಿದ್ದೆ: ಹನ್ನೆರಡು ದಿನ ಗುಂಡ ನಿಮ್ಮನ್ನು ಪ್ರಶ್ನೆ ಕೇಳಿ ಕೊಲ್ಲುತ್ತಾನೆ, ಆದ್ದರಿಂದ ನಿಮ್ಮ ಬಗ್ಗೆ ಇಷ್ಟು ತಿಳಿದಿರಲಿ. ಮಂಜು ಮುಸುಕಿದ ಘಟ್ಟದಲ್ಲಿ ನೀವು ಒಮ್ಮೆ ದೀಪ ಕೆಟ್ಟ ಗಾಡಿಯನ್ನು ಕ್ಲೀನರನ ಟಾರ್ಚಿನ ಬೆಳಕಿನಲ್ಲಿ ಇಳಿಸಿದ್ದೀರಿ. ರಸ್ತೆಗೆ ಅಡ್ಡ ಮಲಗಿದ ಎಮ್ಮೆ ಏಳಲಿ ಎಂದು ಎರಡು ಗಂಟೆ ಕಾದಿದ್ದೀರಿ, ಹಾರ್ನ್ ಹೊಡೆದಿಲ್ಲ, ಅದು ಬಸುರಿ. ನಿಮ್ಮ ಗಾಡಿಯಲ್ಲಿ ಒಮ್ಮೆ ಒಂದು ಮಗು ಹುಟ್ಟಿದೆ, ಹೆಣ್ಣು. ಯಾವುದನ್ನೂ ಇಲ್ಲ ಎನ್ನಬೇಡಿ. ಇನ್ನೊಂದು. ಮಕ್ಕಳನ್ನು ಹತ್ತಿಸಿಕೊಂಡು ಹೊರಡುವಾಗ ನಮ್ಮ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆಯಿರಿ. ನೀವು ಹೋದ ಬೆಳಿಗ್ಗೆಯೂ ಹಾಗೇ ಹೊಡೆದಿರಿ, ನಿದ್ದೆಯಲ್ಲಿದ್ದುದರಿಂದ ಅವನಿಗೆ ಕೇಳಿಸಲಿಲ್ಲ ಎಂದು ಗುಂಡನಿಗೆ ಹೇಳಿದ್ದೇನೆ.