ಕಣ್ಣು ಮುಚ್ಚಿ ಎತ್ತಿದ ಕೈಗಳು

ಭಾನುವಾರ, ಡಿಸೆಂಬರ್ ೮

ನನ್ನ ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ದಿನವಿಡೀ ನಿಂತು ನಿಂತು ನಿನ್ನ ಮೊಣಕಾಲು ಊದಿಕೊಂಡಿದೆ ಎಂದು ಬರೆದಿದ್ದೆ. ಈಗ ಕಡಿಮೆಯಾಯಿತೇ? ಊರಿಗೆಲ್ಲ ಮದ್ದು ಕೊಡುವ ನರ್ಸಮ್ಮ ತನ್ನ ಕಾಲಿಗೆ ಒಂದು ಪಟ್ಟಿ ಸುತ್ತಿಕೊಳ್ಳುವುದಿಲ್ಲ ಎಂದರೆ ಏನು ಹೇಳಲಿ! ಇಷ್ಟು ತಿಂಗಳು ಒಂದು ಕಾರ್ಡು ಬಿಟ್ಟರೆ ಉತ್ತರವನ್ನೇ ಬರೆಯಲಿಲ್ಲ ಎಂದು ನನ್ನ ಮೇಲೆ ಕೆಂಡ ಕಾರುತ್ತಿರುತ್ತೀಯ, ಕಾರು. ಹೊಲಿಗೆ ಕೆಲಸ ಮೈತುಂಬ ಇತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಎಲ್ಲರೂ ರೆಡಿಮೇಡ್ ತೊಡುವ ಕಾಲದಲ್ಲಿ ನೀನು ಅದನ್ನು ನಂಬುವವಳಲ್ಲ. ಬರೆಯಲು ಕುಳಿತರೆ ಸಂಘದ ಸುದ್ದಿ ಬರೆಯಬೇಕಾಗುತ್ತಿತ್ತು, ಅದಕ್ಕೇ ಕೈ ಓಡಲಿಲ್ಲ. ಇವತ್ತು ಬರೆದೇಬಿಡುತ್ತೇನೆ. ನೀನೂ ನಾನೂ ಬಾಗಿಲು ಬಾಗಿಲು ತಟ್ಟಿ ಕಟ್ಟಿದ ಯುವಜನ ಸಂಘ ಕಳೆದ ಭಾನುವಾರ ಮುಚ್ಚಿಹೋಯಿತು.

ವರ್ಷವಿಡೀ ಅದರ ಉಸಿರು ಸಣ್ಣದಾಗುತ್ತಲೇ ಇತ್ತು. ವರ್ಷದ ಮೊದಲ ಕೆಲಸ ಹಳ್ಳದ ಹೂಳು ತೆಗೆಯುವುದಲ್ಲವೇ? ಹಿಂದೆ ಬುಟ್ಟಿಗಾಗಿ ಜಗಳವಾಡುತ್ತಿದ್ದರು. ಈ ಸಲ ಬುಟ್ಟಿಗಳೇ ನಮ್ಮನ್ನು ಕಾಯುತ್ತಾ ಕೂತಿದ್ದವು. ಸಸಿ ನೆಡುವ ದಿನ ಗುಂಡಿ ತೋಡಿದವರು ಮೂವರು, ಫೋಟೊಗೆ ನಿಂತವರು ಹದಿಮೂರು.

ಹಗ್ಗಜಗ್ಗಾಟದ ಕತೆ ಕೇಳಿದರೆ ನಗುತ್ತೀಯ. ಪಕ್ಕದ ಊರಿನವರು ಟ್ರ್ಯಾಕ್ಟರ್ ತುಂಬ ಬಂದಿಳಿದರು. ನಮ್ಮ ಕಡೆ ಇಬ್ಬರು ಕಡಿಮೆ. ಅವರ ನಾಯಕ ದೊಡ್ಡ ಮನಸ್ಸು ಮಾಡಿ, "ಅಕ್ಕಾ, ನಮ್ಮೋರೇ ಇಬ್ರನ್ನ ಇಟ್ಕೊಳಿ" ಎಂದ. ಇಟ್ಟುಕೊಂಡೆವು, ಗೆದ್ದೂಬಿಟ್ಟೆವು! ಕಪ್ ಕೊಡುವಾಗ ಆ ಇಬ್ಬರೂ ತಮ್ಮ ಊರಿನವರ ಜೊತೆ ಹೋಗಿ ನಿಂತರು. ನಮ್ಮ ಬೇಕರಿಯವನು, "ಗೆದ್ದಿದ್ದು ಯಾರು ಅಂತ ಯಾರಾದ್ರೂ ಹೇಳ್ರಪ್ಪಾ" ಎಂದು ಕೂಗಿದ. ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಅತ್ತೆ.

ಭಾಷಣ ಸ್ಪರ್ಧೆಯ ವಿಷಯ 'ಹಳ್ಳಿಯಲ್ಲೇ ಬಾಳಿ ಬೆಳಗುವುದು ಹೇಗೆ'. ಮೊದಲ ಬಹುಮಾನ ಪಡೆದ ಹುಡುಗ ಮುಂದಿನ ವಾರವೇ ಪಟ್ಟಣದ ಬಸ್ಸು ಹತ್ತಿದ. ವಾರ್ಷಿಕೋತ್ಸವದ ನಾಟಕದಲ್ಲಿ ರಾಜನಾಗಬೇಕಿದ್ದವನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಕೊನೆಗೆ ನಾನೇ ಮೀಸೆ ಅಂಟಿಸಿಕೊಂಡು ಸಿಂಹಾಸನ ಏರಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಮೈಕು ಕೆಟ್ಟರೂ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಮಗಳು ಮಾತ್ರ ಒಂದು ಕಾರ್ಯಕ್ರಮವನ್ನೂ ತಪ್ಪಿಸಲಿಲ್ಲ. ಕಾರ್ಯದರ್ಶಿ ಎಂದರೆ ಅವಳು. ನಿನ್ನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸಿಂಗ್ ಸೀಟು ಕೊಡಿಸುತ್ತೇನೆಂದು ನೀನು ಬರೆದಾಗ ಬೇಡವೆಂದು ನಾನು ಕಾರ್ಡು ಹಾಕಿದೆನಲ್ಲ, ಬೇಜಾರು ಮಾಡಿಕೊಳ್ಳಬೇಡ. ಎದುರಿಗೆ ಅಷ್ಟೊಂದು ಕೆಲಸ ಬಿದ್ದಿರುವಾಗ ಕಾರ್ಯದರ್ಶಿಯೇ ಹೊರಟು ನಿಂತರೆ ಊರಿನ ಹುಡುಗರಿಗೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಅವಳು ನಿನ್ನ ಪತ್ರ ಓದಿ, "ಅಮ್ಮಾ, ನಾನು..." ಎಂದು ಏನೋ ಶುರು ಮಾಡಿದಳು. "ಮೊದ್ಲು ಬಾ, ಸೇನಾಪತಿ ಅಂಗಿ ಅಳತೆ ಹಿಡಿ" ಎಂದೆ. ಬಂದು ಹಿಡಿದಳು. ಅವಳಪ್ಪ ಹೋದಮೇಲೆ ನಾವಿಬ್ಬರೇ ಅಲ್ಲವೇ, ಒಬ್ಬರ ಮನಸ್ಸು ಒಬ್ಬರಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನು ಆ ಭಾನುವಾರದ ವಿಷಯ. ಬೀಜದ ವ್ಯಾಪಾರಿ ನಮ್ಮ ಸಂಘದ ಸಭಾಂಗಣವನ್ನು ಗೋದಾಮಿಗೆ ಕೇಳಿದ್ದ. ಸಂಘ ನಡೆಸುವುದೋ, ಮುಚ್ಚಿ ಅವನಿಗೆ ಬಿಟ್ಟುಕೊಡುವುದೋ ಎಂದು ಸಭೆ ಸೇರಿದೆವು. ಅಧ್ಯಕ್ಷೆ ನಾನು, ನನ್ನನ್ನು ಬಿಟ್ಟು ಹದಿನೈದು ಸದಸ್ಯರು. ವೆಲ್ಡಿಂಗ್ ಅಂಗಡಿಯವನು, "ಇನ್ನೊಂದು ವರ್ಷ ನೋಡೋಣ" ಎಂದ. ಬೇಕರಿಯವನು ತಲೆ ಕೆರೆದುಕೊಂಡು ಎದ್ದುನಿಂತ. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಾವು ಬರೋದು ಸಂಘಕ್ಕಲ್ಲ, ನಿಮ್ಮ ಬಾಯಿಗೆ ಹೆದರ್ಕೊಂಡು" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮತಕ್ಕೆ ಹಾಕಿದೆವು. ಗಿರಣಿ ಸಾಹುಕಾರನ ಮಗ ಎದುರು ಕೂತು ಗುರಾಯಿಸುತ್ತಿದ್ದ ಕಾಲದಲ್ಲಿ ನೀನು ಹುಡುಕಿದ ಉಪಾಯವೇ ಈಗಲೂ ನಡೆಯುತ್ತಿದೆ. ಎಲ್ಲರೂ ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೈ ಎತ್ತಬೇಕು. ಕಣ್ಣು ತೆರೆದು ಎಣಿಸುವವರು ಅಧ್ಯಕ್ಷರು ಮಾತ್ರ. ಅವರಿಗೆ ಮತವಿಲ್ಲ. ಯಾರು ಯಾವುದಕ್ಕೆ ಎತ್ತಿದರೆಂದು ಅವರು ಸಾಯುವವರೆಗೂ ಯಾರ ಮುಂದೆಯೂ, ಎತ್ತಿದವರ ಮುಂದೆಯೂ ಬಾಯಿ ಬಿಡಬಾರದು.

"ನಡೆಸ್ಬೇಕು ಅನ್ನೋರು" ಎಂದೆ. ಎಣಿಸಿದೆ. "ಮುಚ್ಚಬೇಕು ಅನ್ನೋರು" ಎಂದೆ. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಆಮೇಲೆ, "ಕಣ್ಣು ಬಿಡಿ. ಮುಚ್ಚೋದು ಅಂತ ಆಯ್ತು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ವೆಲ್ಡಿಂಗಿನವನು, "ಎಷ್ಟು ಅಂತರ ಅಕ್ಕಾ?" ಎಂದು ಕೇಳಿದ. "ತುಂಬಾ" ಎಂದೆ.

ಮರುದಿನವೇ ಮೂಟೆಗಳು ಬಂದು ಬಿದ್ದವು. ನಾನು ಹೊಲಿದ ನಾಟಕದ ಪರದೆಯನ್ನೇ ಅವುಗಳ ಮೇಲೆ ಹೊದಿಸಿದ್ದಾರೆ. ಕೇಳಲು ಹೋಗಲಿಲ್ಲ. ಏನೂ ಬೇಡವೆನಿಸಿದೆ ಗುಬ್ಬಿ. ಬೆಳಿಗ್ಗೆ ಎದ್ದರೆ ಯಾಕೆ ಎದ್ದೆ ಎನಿಸುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಿ, ಮತ್ತೆ ಬಿಚ್ಚುತ್ತೇನೆ. ಮಗಳು ಚಹಾ ತಂದಿಟ್ಟು ಎದುರಿಗೆ ಕೂರುತ್ತಾಳೆ. "ಏನಾದ್ರೂ ಹೇಳಮ್ಮಾ" ಎನ್ನುತ್ತಾಳೆ. "ಹೇಳೋಕೆ ಏನಿದೆ" ಎನ್ನುತ್ತೇನೆ. ಚಹಾ ಆರಿಹೋಗುತ್ತದೆ. ಇಬ್ಬರೂ ಎದ್ದು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ.

ನಿನ್ನನ್ನೂ ಅಳಿಸಿದೆನೇನೋ, ಕ್ಷಮಿಸು. ನಿನ್ನ ಮನೆಯವರಿಗೆ ನನ್ನ ನಮಸ್ಕಾರ. ಮಕ್ಕಳಿಬ್ಬರಿಗೂ ಆಶೀರ್ವಾದ, ಓದಿ ದೊಡ್ಡವರಾಗಿ ಚೆನ್ನಾಗಿ ಬಾಳಲಿ. ಕಾಲಿಗೆ ಪಟ್ಟಿ ಸುತ್ತಿಕೋ.

ಇಂತಿ ನಿನ್ನ,
ಕಹಳೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಸಂಘವೇ ಇಲ್ಲದ ಮೇಲೆ ಅದರ ನಿಯಮ ಮುರಿದರೆ ಕೇಳುವವರು ಯಾರು? ಅಂತರ ತುಂಬಾ ಎಂದದ್ದು ಸುಳ್ಳು. ನಡೆಸಲು ಏಳು, ಮುಚ್ಚಲು ಎಂಟು. ನಿಜ ಹೇಳಿದ್ದರೆ ಆ ಒಂದು ಕೈ ಯಾರದೆಂದು ಊರೆಲ್ಲ ಹುಡುಕಾಡುತ್ತಿತ್ತು. ಆ ಎಂಟರಲ್ಲಿ ಒಂದು ನನ್ನ ಮಗಳದು. ಉಳಿದವರು ಅನುಮಾನಿಸುತ್ತಾ ಅರ್ಧ ಎತ್ತಿದರು. ಅವಳು ನಾನು ಕೇಳಿ ಮುಗಿಸುವ ಮೊದಲೇ ನೆಟ್ಟಗೆ ಎತ್ತಿದಳು. ಎರಡನೇ ಸಲ ಎಣಿಸಿದ್ದು ಲೆಕ್ಕ ತಪ್ಪಿತೆಂದಲ್ಲ, ಅವಳು ಇಳಿಸಿಯಾಳೇನೋ ಎಂದು. ಇಳಿಸಲಿಲ್ಲ. ನಾನು ನೋಡುತ್ತೇನೆಂದು ಅವಳಿಗೆ ಗೊತ್ತಿತ್ತು. ನೋಡಿದ ಮೇಲೆ ಒಂದು ಮಾತೂ ಆಡುವ ಹಾಗಿಲ್ಲ ಎಂದೂ ಗೊತ್ತಿತ್ತು. ಅವಳು ಹುಟ್ಟಿ ಇಪ್ಪತ್ತು ವರ್ಷವಾಯಿತು ಗುಬ್ಬಿ. ಅವಳು ಹೇಳಬೇಕೆಂದಿದ್ದನ್ನು ನಾನು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ್ದು ಅದೊಂದೇ ಸಲ.