ಅಕ್ಕನ ಕೈವಾರ

ಮಾರ್ಚ್ 3, ಸೋಮವಾರ, ಮಧ್ಯಾಹ್ನ 1.40

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ: ಇಂದು ಊಟದ ವಿರಾಮದಲ್ಲಿ ನಮ್ಮ ಆಸ್ಪತ್ರೆಯ ಒಂದು ಎಕ್ಸ್-ರೇ ಕದ್ದೆ. ಕದ್ದದ್ದು ನನ್ನ ಎದೆಯದೇ. ಡಾಕ್ಟರ ಚೀಟಿಯಿಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ. ಆರು ವಾರದ ಕೆಮ್ಮು, ಅಷ್ಟೆ.

ಜೂನಿಯರ್ ಟೆಕ್ನಿಷಿಯನ್ ಗುಂಡಿ ಒತ್ತಿದಳು. "ಸರ್, ಉಸಿರು ಹಿಡ್ಕೊಳ್ಳಿ." ಇಪ್ಪತ್ತೆರಡು ವರ್ಷದಿಂದ ನಾನು ಊರಿಗೆಲ್ಲ ಹೇಳುತ್ತ ಬಂದ ಮಾತು.

"ಬಿಡಿ" ಅನ್ನುವುದನ್ನು ಮರೆತಳು. ಪರದೆ ನೋಡುತ್ತಿದ್ದಳು.

ಮಾರ್ಚ್ 4

ಬಲಗಡೆ, ಮೇಲೆ. ಅಂಗಿಯ ಗುಂಡಿಯಷ್ಟು ಒಂದು ಬಿಳಿ ಕಲೆ. ಕೈವಾರದಲ್ಲಿ ಎಳೆದ ಹಾಗೆ ದುಂಡಗಿದ್ದರೆ ಅಂಥ ಭಯವಿಲ್ಲ. ಇದರ ಅಂಚು ಹರಕು. ಫಿಲ್ಮು ತೋರಿಸಿದ್ದಕ್ಕೆ ಡಾಕ್ಟರು, "ಶುಕ್ರವಾರ ಸಿ.ಟಿ. ಸ್ಕ್ಯಾನ್ ಮಾಡೋಣ. ಈಗ್ಲೇ ಏನೇನೋ ಅಂದ್ಕೋಬೇಡಿ" ಎಂದರು. ಇದೇ ವಾಕ್ಯವನ್ನು ಎಷ್ಟು ಜನಕ್ಕೆ ಹೇಳಿದ್ದೇನೆ! ಹೇಳುವಾಗ ಎಷ್ಟು ಚೆನ್ನಾಗಿತ್ತು.

ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಇರುವ ನನ್ನ ಅಕ್ಕನಿಗೆ ಹೇಳಿಲ್ಲ. ಅವಳು ದಿನಾ ಬೆಳಿಗ್ಗೆ ಚರ್ಚಿಗೆ ಹೋಗುವವಳು. ನಾನು ಕಾಲೇಜಿನಲ್ಲೇ ದೇವರನ್ನು ತರ್ಕದಲ್ಲಿ ಸೋಲಿಸಿ, ಆಮೇಲೆ ಆ ಗೇಟು ದಾಟದವನು. ಹೆದರಿಕೆಗೆ ಮಂಡಿಯೂರುವ ಪೈಕಿಯವನಲ್ಲ. ಇದನ್ನು ಶಾಯಿಯಲ್ಲೇ ಬರೆದಿಡುತ್ತೇನೆ.

ಮಾರ್ಚ್ 6, ಬೆಳಿಗ್ಗೆ 7.15

ಚರ್ಚಿಗೆ ಹೋಗಿದ್ದೆ. ಸುಮ್ಮನೆ. ಕೊನೆಯ ಬೆಂಚು, ಬಾಗಿಲ ಪಕ್ಕ — ಓಡಲು ಅನುಕೂಲ. ಎಲ್ಲರೂ ಏಳುವಾಗ ಕೂತೆ, ಕೂರುವಾಗ ಎದ್ದೆ. ಆದರೆ ಮಂಡಿಯೂರುವ ಹೊತ್ತಿಗೆ ಮಂಡಿ ನನ್ನನ್ನು ಕೇಳಲಿಲ್ಲ. ಪ್ರಾರ್ಥನೆಯೂ ಬಾಯಿಗೆ ಬಂತು, ಒಂದು ಪದ ತಪ್ಪದೆ... ಇಷ್ಟು ವರ್ಷ ಒಳಗೆ ಎಲ್ಲಿತ್ತು ಇದು? ಯಾವ ಫಿಲ್ಮಿನಲ್ಲೂ ಕಾಣಲಿಲ್ಲವಲ್ಲ.

ಹೊರಗೆ ಅಕ್ಕ ಹಿಡಿದಳು. "ಏನೋ, ದಾರಿ ತಪ್ಪಿ ಬಂದ್ಯಾ?"

"ಬೆಂಚು ಗಟ್ಟಿಯಿದ್ಯಾ ನೋಡೋಕೆ ಬಂದೆ."

"ಮುಖ ಯಾಕೆ ಹೀಗಿದೆ?"

"ಹುಟ್ಟಿದಾಗಿಂದ ಹೀಗೇ ಅಂತ ನೀನೇ ಹೇಳ್ತಿದ್ಯಲ್ಲ."

ಅವಳು ನಗಲಿಲ್ಲ. "ಸಂಜೆ ಪಾಪನಿವೇದನೆ ಇದೆ. ಬಾ ಅಂದಿಲ್ಲ. ಇದೆ ಅಂದೆ."

ಮಾರ್ಚ್ 6, ಸಂಜೆ 6.30

ಹೋದೆ. ಚರ್ಚಿನ ಗುರುಗಳಿಗೆ ನನ್ನ ಪಾಪಗಳನ್ನೆಲ್ಲ ಹೇಳಿದೆ. ಎದೆ ಬಿಚ್ಚಿ, ಒಂದೂ ಬಿಡದೆ. ಎಲ್ಲ ಹೇಳಿ ಬಂದೆ ಅಂತ ಮೆಟ್ಟಿಲ ಮೇಲೆ ಕಾಯುತ್ತಿದ್ದ ಅಕ್ಕನಿಗೂ ಅಂದೆ.

"ಇಪ್ಪತ್ತೈದು ವರ್ಷದ್ದು ಐದೇ ನಿಮಿಷದಲ್ಲಾ?"

"ಪ್ರತಿಭೆ" ಎಂದೆ.

ಮಾರ್ಚ್ 7, 10.50, ಸಿ.ಟಿ. ಕೋಣೆಯ ಹೊರಗೆ

ಬಟ್ಟೆ ಬದಲಿಸಿಯಾಯಿತು. ಬೆನ್ನ ಹಿಂದೆ ಗಂಟು ಹಾಕುವ ಗೌನು. ಸುಳ್ಳು ಬರೆದಿಟ್ಟು ಒಳಗೆ ಹೋಗಲು ಧೈರ್ಯ ಸಾಲದು.

ನಿನ್ನೆ ಗುರುಗಳಿಗೆ ಹೇಳಬೇಕಾದದ್ದು ಏನೂ ಹೇಳಲಿಲ್ಲ. ಮಂಡಿಯೂರಿದ್ದೇ ತಡ, ಚಿಕ್ಕಂದಿನಲ್ಲಿ ಉರುಹೊಡೆದದ್ದು ತಾನಾಗಿ ಹೊರಟಿತು: "ಗುರುಗಳೇ, ಹೋದ ವಾರ ಪಾಪನಿವೇದನೆ ಮಾಡಿದ್ದೆ..." ಹೋದ ವಾರ! ಆಮೇಲೆ ಬಾಯಿ ನಿಲ್ಲಲೇ ಇಲ್ಲ. ಅಮ್ಮನಿಗೆ ಎದುರುತ್ತರ ಕೊಟ್ಟೆ. ಸಕ್ಕರೆ ಕದ್ದು ತಿಂದೆ. ಅಕ್ಕನ ಕೈವಾರ ಕದ್ದೆ. ನಲವತ್ತೇಳರ ಗಂಡಸು, ಹತ್ತರ ವಯಸ್ಸಿನ ಪಾಪ. ಅಮ್ಮ ಹೋಗಿ ಒಂಬತ್ತು ವರ್ಷ.

ಜಾಲರಿಯ ಆಚೆಯಿಂದ ಗುರುಗಳು ಕೇಳಿದರು: "ಕೈವಾರ ವಾಪಸ್ ಕೊಟ್ರಾ?"

"ಇಲ್ಲ."

"ಕೊಡಿ. ಅದೇ ಪ್ರಾಯಶ್ಚಿತ್ತ. ಉಳಿದದ್ದು ಹೇಳೋಕೆ ಮತ್ತೆ ಬನ್ನಿ."

ಬೆಳಿಗ್ಗೆ ಕೊಟ್ಟೆ. ನನ್ನ ಹಳೆಯ ಪೆಟ್ಟಿಗೆಯಲ್ಲೇ ಇತ್ತು, ತುಕ್ಕು ಹಿಡಿದು. ಅಕ್ಕ ಅದನ್ನು ತಿರುಗಿಸಿ ನೋಡಿದಳು. ನನ್ನನ್ನು ನೋಡಿದಳು. ಯಾವ ಚೇಷ್ಟೆಯೂ ಇಲ್ಲ. "ಎಲ್ಲಿ ನೋವು?" ಎಂದಳು.

ಹೇಳಿದೆ. ಇದೊಂದನ್ನು ನಿಜವಾಗಿ ಹೇಳಿದೆ.

ಜೂನಿಯರ್ ಬಾಗಿಲು ತೆರೆದಳು. "ಬನ್ನಿ ಸರ್." ಈ ಸಲ "ಬಿಡಿ" ಅನ್ನೋದು ಮರೀಬೇಡಮ್ಮ ಎಂದೆ. ಅವಳು ನಕ್ಕಳು. ಪಕ್ಕದ ಕುರ್ಚಿಯಲ್ಲಿರುವ ಅಕ್ಕ ನಗಲಿಲ್ಲ, ಏಕೆಂದರೆ ಶಾಯಿಯಲ್ಲಿ ಅಷ್ಟೆಲ್ಲ ಬರೆದ ಈ ಮಹಾಶಯ ಇಷ್ಟು ಹೊತ್ತೂ ಎಡಗೈಯಲ್ಲಿ ಅವಳ ಕಿರುಬೆರಳನ್ನು ಹಿಡಿದೇ ಇದ್ದಾನೆ, ಇನ್ನೂ ಬಿಟ್ಟಿಲ್ಲ.